ಅಂಗಡಿ ಒಂದು, ಖಾತೆ ಹಲವು

ವ್ಯಾಪಾರಕ್ಕೆ ಬಂಡವಾಳ, ಸರಕು ಮತ್ತು ಶ್ರಮ ಈ ಮೂರೂ ಬೇಕೆಂಬುದು ಎಲ್ಲರೂ ಒಪ್ಪುವ ಮಾತು. ಆದರೆ ಈ ಮೂರನ್ನೂ ಹೊಂದಿಸಿಕೊಂಡ ಎಷ್ಟೋ ಅಂಗಡಿಗಳು ಗಿರಾಕಿಗಳಿಲ್ಲದೆ ಬಾಗಿಲು ಮುಚ್ಚುವುದುಂಟು. ಸರಕು ಎಷ್ಟೇ ಉತ್ತಮವಾಗಿರಲಿ, ಅದನ್ನು ಬಯಸುವವನಿಗೆ ಅದರ ಸುಳಿವೇ ಇಲ್ಲವಾದರೆ ಅದು ಇದ್ದೂ ಇಲ್ಲದಂತೆಯೇ ಸರಿ. ಸರಕಿಗೂ ಬಯಸುವವನಿಗೂ ನಡುವೆ ಸೇತುವೆ ಕಟ್ಟುವ ಕಾರ್ಯಕ್ಕೆ ಪ್ರಚಾರವೆಂದು ಹೆಸರು.

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗ ವ್ಯಾಪಾರಿಗೆ ಹಿಂದೆ ಪ್ರಚಾರದ ಸಾಧನಗಳು ಕೆಲವೇ ಇದ್ದವು. ಅಂಗಡಿಯ ಮೇಲಿನ ನಾಮಫಲಕ ಒಂದು. ಉಂಡು ತೃಪ್ತನಾದ ಗಿರಾಕಿಯ ನಾಲಗೆ ಇನ್ನೊಂದು. ಸಂಘದ ವಾರ್ಷಿಕೋತ್ಸವದ ಸ್ಮರಣ ಸಂಚಿಕೆಯಲ್ಲಿ 'ಶುಭಾಶಯಗಳೊಡನೆ' ಎಂಬ ತಲೆಬರಹದ ಅರ್ಧ ಪುಟದ ಜಾಹೀರಾತು ಮತ್ತೊಂದು. ಇವು ಮೂರೂ ಸಾಕಾಗುತ್ತಿದ್ದ ಕಾಲವೊಂದಿತ್ತು. ಗಿರಾಕಿಯ ಮನೆ, ವ್ಯಾಪಾರಿಯ ಅಂಗಡಿ ಮತ್ತು ಸಂಘದ ಸಭಾಂಗಣ ಇವೆಲ್ಲ ಕಾಲ್ನಡಿಗೆಯ ದೂರದಲ್ಲಿದ್ದ ಕಾಲ ಅದು. ಇಂದು ಮಾಟುಂಗದ ಗಿರಾಕಿಯ ಮಗ ಡೊಂಬಿವಲಿಯಲ್ಲಿದ್ದಾನೆ, ಮೊಮ್ಮಗ ಪುಣೆಯ ಹೊರವಲಯದ ಬಹುಮಹಡಿ ಕಟ್ಟಡದಲ್ಲಿದ್ದಾನೆ. ನಾಮಫಲಕ ಅವರ ಕಣ್ಣಿಗೆ ಬೀಳುವುದಿಲ್ಲ. ಅವರ ಕಣ್ಣಿಗೆ ಬೀಳುವುದು ಅಂಗೈಯಗಲದ ಒಂದು ಗಾಜಿನ ಪರದೆ ಮಾತ್ರ.

ಆ ಪರದೆಯ ಮೇಲೆ ತನ್ನ ಅಂಗಡಿಗೂ ಒಂದು ಜಾಗ ದೊರಕಿಸಿಕೊಳ್ಳುವುದು ಹೇಗೆ, ಅದಕ್ಕಾಗಿ ಎಷ್ಟು ಖಾತೆಗಳನ್ನು ತೆರೆಯಬೇಕು, ಎಷ್ಟು ವೇಳೆ ಮತ್ತು ಹಣವನ್ನು ವ್ಯಯಿಸಬೇಕು ಎಂಬ ಪ್ರಶ್ನೆ ಇಂದು ಉಪಾಹಾರಗೃಹದ ಮಾಲೀಕನಿಂದ ಹಿಡಿದು ಮನೆಯಲ್ಲೇ ಹಪ್ಪಳ ಹಾಕಿ ಮಾರುವ ಗೃಹಿಣಿಯವರೆಗೆ ಎಲ್ಲರನ್ನೂ ಕಾಡುತ್ತಿದೆ. ಇದಕ್ಕೆ ಸಿಗುವ ಉತ್ತರದ ಮೇಲೆ ಎರಡು ಮೂರು ತಲೆಮಾರು ಕಟ್ಟಿದ ವ್ಯಾಪಾರದ ಅಳಿವು ಉಳಿವು ನಿಂತಿರುವ ಸಂದರ್ಭಗಳೂ ಇಲ್ಲದಿಲ್ಲ. ಆದುದರಿಂದ ಈ ವಿಷಯವನ್ನು ಸಾವಧಾನವಾಗಿ ಪರಿಶೀಲಿಸುವುದು ಅವಶ್ಯ.

ಹಿರಿಯರ ಮೇಲ್ಪಂಕ್ತಿ

ಗಿರಾಕಿಯ ಮನೆ ಬಾಗಿಲಿಗೆ ಪ್ರತಿದಿನ ತಲುಪುವ ವಿದ್ಯೆ ಕನ್ನಡ ನಾಡಿಗೆ ಹೊಸತಲ್ಲ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಅವರು ಸ್ಥಾಪಿಸಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿ ಎಂಬ ಯೋಜನೆಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಸಂಗ್ರಾಹಕನು ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋಗಿ ಪಡೆದು ಬರುತ್ತಿದ್ದನು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡ ಆ ಸಂಸ್ಥೆಯ ಬೆಳವಣಿಗೆಯಲ್ಲಿ ಈ ದಿನನಿತ್ಯದ ಭೇಟಿಯ ಪಾತ್ರ ಹಿರಿದು.

ಪಿಗ್ಮಿ ಸಂಗ್ರಾಹಕನಿಂದ ಇಂದಿನ ವ್ಯಾಪಾರಿ ಕಲಿಯಬೇಕಾದುದು ಮೂರು ಪಾಠಗಳನ್ನು. ಮೊದಲನೆಯದಾಗಿ, ಅವನು ತಪ್ಪದೆ ಬರುತ್ತಿದ್ದನು. ಎರಡನೆಯದಾಗಿ, ಬಂದಾಗ ಬಹಳ ಹೊತ್ತು ಕುಳಿತು ಬೇಸರ ತರಿಸುತ್ತಿರಲಿಲ್ಲ. ಮೂರನೆಯದಾಗಿ, ಅವನ ಕೈಯ ಪುಸ್ತಕದಲ್ಲಿ ಬರೆದ ಅಂಕಿ ಸಂಖ್ಯೆಗಳು ನಂಬಿಕೆಗೆ ಅರ್ಹವಾಗಿದ್ದವು. ಸಾಮಾಜಿಕ ಜಾಲತಾಣಗಳ ಮೂಲಕ ನಡೆಸುವ ಪ್ರಚಾರದ ಸಾರವೂ ಈ ಮೂರರಲ್ಲೇ ಅಡಗಿದೆ.

ಯಾವ ಖಾತೆ ಯಾವುದಕ್ಕೆ?

ಬ್ಯಾಂಕಿನಲ್ಲಿ ಉಳಿತಾಯ ಖಾತೆ, ಚಾಲ್ತಿ ಖಾತೆ, ನಿಶ್ಚಿತ ಠೇವಣಿ ಎಂದು ಬಗೆಬಗೆಯ ಖಾತೆಗಳಿವೆ. ಪ್ರತಿಯೊಂದರ ಉದ್ದೇಶ ಬೇರೆ. ಚಾಲ್ತಿ ಖಾತೆಯಲ್ಲಿ ಹಣವಿಟ್ಟು ಬಡ್ಡಿ ಬರಲಿಲ್ಲವೆಂದು ದೂರುವುದು ಹೇಗೆ ಅಸಂಗತವೋ, ಹಾಗೆಯೇ ಒಂದು ಜಾಲತಾಣದಿಂದ ಅದು ಕೊಡಲಾರದ ಫಲವನ್ನು ನಿರೀಕ್ಷಿಸುವುದೂ ಅಸಂಗತ. ಆದುದರಿಂದ ಪ್ರಮುಖ ಜಾಲತಾಣಗಳ ಸ್ವಭಾವವನ್ನು ಮೊದಲು ಅರಿಯಬೇಕು.

ಸ್ಥಳೀಯ ವ್ಯಾಪಾರಿಗೆ ಎಲ್ಲಕ್ಕಿಂತ ಮೊದಲು ಬೇಕಾದುದು ಗೂಗಲ್ ನಕ್ಷೆಯಲ್ಲಿ ತನ್ನ ಅಂಗಡಿಯ ನಮೂದು. ಗೂಗಲ್ ಮೈ ಬಿಸಿನೆಸ್ ಎಂಬ ಹೆಸರಿನಲ್ಲಿದ್ದ ಈ ಸೌಲಭ್ಯಕ್ಕೆ 2021ರಿಂದ ಗೂಗಲ್ ಬಿಸಿನೆಸ್ ಪ್ರೊಫೈಲ್ ಎಂಬ ಹೆಸರು ಬಂದಿದೆ. ಇದಕ್ಕೆ ಶುಲ್ಕವಿಲ್ಲ. ಹಸಿದವನು ತಾನಿರುವ ಬೀದಿಯಲ್ಲೇ ನಿಂತು 'ಹತ್ತಿರದ ಉಡುಪಿ ಹೋಟೆಲ್' ಎಂದು ಹುಡುಕಿದಾಗ ಅವನಿಗೆ ದಾರಿ ತೋರಿಸುವುದು ಈ ನಮೂದು. ಇಲ್ಲಿ ವಿಳಾಸ, ದೂರವಾಣಿ ಸಂಖ್ಯೆ, ತೆರೆಯುವ ಮುಚ್ಚುವ ವೇಳೆ ಮತ್ತು ವಾರದ ರಜೆ ಸರಿಯಾಗಿರಬೇಕು. ಗಣೇಶ ಚತುರ್ಥಿಯಂದು ಬಾಗಿಲು ಮುಚ್ಚಿದ್ದು, ನಮೂದಿನಲ್ಲಿ 'ತೆರೆದಿದೆ' ಎಂದಿದ್ದರೆ, ದೂರದಿಂದ ಕುಟುಂಬ ಸಮೇತ ಬಂದು ಹಿಂದಿರುಗಿದ ಗಿರಾಕಿ ಮತ್ತೆ ಆ ಕಡೆ ತಲೆಹಾಕುವುದಿಲ್ಲ.

ಎರಡನೆಯದು ವಾಟ್ಸ್‌ಆ್ಯಪ್. ಸಣ್ಣ ವ್ಯಾಪಾರಿಗಳಿಗಾಗಿಯೇ ವಾಟ್ಸ್‌ಆ್ಯಪ್ ಬಿಸಿನೆಸ್ ಎಂಬ ಪ್ರತ್ಯೇಕ ಆವೃತ್ತಿ 2018ರ ಜನವರಿಯಲ್ಲಿ ಹೊರಬಂದಿತು. ಸರಕಿನ ಚಿತ್ರ ಮತ್ತು ಬೆಲೆಗಳ ಪಟ್ಟಿಯನ್ನು ಇದರಲ್ಲಿ ಶಾಶ್ವತವಾಗಿ ಇರಿಸಬಹುದು. ಹೊಸ ಗಿರಾಕಿಯನ್ನು ಹುಡುಕುವುದಕ್ಕಿಂತ ಹಳೆಯ ಗಿರಾಕಿಯನ್ನು ಉಳಿಸಿಕೊಳ್ಳುವುದಕ್ಕೆ ಇದು ಹೆಚ್ಚು ಉಪಯುಕ್ತ. ಇದರ ಸಾಮಾನ್ಯ ಪ್ರಸಾರ ಪಟ್ಟಿಯ ಮೂಲಕ ಕಳುಹಿಸಿದ ಸಂದೇಶ ತಲುಪುವುದು ಅಂಗಡಿಯ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಬರೆದಿಟ್ಟುಕೊಂಡವರಿಗೆ ಮಾತ್ರ. ಇದನ್ನರಿಯದೆ ನೂರಾರು ಅಪರಿಚಿತರ ಸಂಖ್ಯೆಗಳನ್ನು ಸಂಗ್ರಹಿಸಿ ಸಂದೇಶ ಕಳುಹಿಸುವವರ ಶ್ರಮ ವ್ಯರ್ಥವಾಗುತ್ತದೆ.

ಮೂರನೆಯದು ಫೇಸ್‌ಬುಕ್ ಪುಟ. 2004ರಲ್ಲಿ ಹುಟ್ಟಿದ ಫೇಸ್‌ಬುಕ್ 2007ರಲ್ಲಿ ವ್ಯಾಪಾರಸ್ಥರಿಗಾಗಿ ಪ್ರತ್ಯೇಕ ಪುಟಗಳನ್ನು ಒದಗಿಸಿತು. ಬಡಾವಣೆಯ ನಿವಾಸಿಗಳ ಗುಂಪುಗಳು, ಊರಿನವರ ಗುಂಪುಗಳು, ಕನ್ನಡ ಸಂಘಗಳ ಗುಂಪುಗಳು ಇಲ್ಲಿ ಸಾಕಷ್ಟಿರುವುದರಿಂದ ನಡುವಯಸ್ಸಿನ ಗೃಹಸ್ಥರನ್ನು ತಲುಪಲು ಇದು ಅನುಕೂಲ. ನಾಲ್ಕನೆಯದು 2010ರಲ್ಲಿ ಆರಂಭವಾದ ಇನ್‌ಸ್ಟಾಗ್ರಾಂ. ಇದು ಕಣ್ಣಿಗೆ ಹಬ್ಬ ಮಾಡುವ ಮಾಧ್ಯಮ. ಕಾವಲಿಯ ಮೇಲೆ ಏಳುವ ದೋಸೆ, ಹಿತ್ತಾಳೆಯ ಶೋಧಕದಿಂದ ಇಳಿಯುವ ಕಾಫಿಯ ಡಿಕಾಕ್ಷನ್, ನೇಯ್ದ ಇಳಕಲ್ ಸೀರೆಯ ಸೆರಗು ಇವು ಇಲ್ಲಿ ಮಾತಿಲ್ಲದೆಯೇ ಮಾರಾಟವಾಗುತ್ತವೆ. ಐದನೆಯದಾದ ಯೂಟ್ಯೂಬ್ 2005ರಲ್ಲಿ ಆರಂಭವಾದುದು. ಕಲಿಸುವ ವ್ಯವಹಾರ ಉಳ್ಳವರಿಗೆ, ಅಂದರೆ ಸಂಗೀತ, ಯೋಗ, ಪಾಠಪ್ರವಚನ, ಅಡುಗೆ ಇವುಗಳನ್ನು ನಡೆಸುವವರಿಗೆ ಇದು ಹೊಂದುತ್ತದೆ.

ಹಲವು ಖಾತೆಗಳ ಅವಶ್ಯಕತೆ

ಒಂದೇ ಜಾಲತಾಣದಲ್ಲಿ ಸಮಸ್ತವನ್ನೂ ನೆಚ್ಚಿ ಕುಳಿತರೆ ಏನಾಗಬಹುದೆಂಬುದಕ್ಕೆ ಇತ್ತೀಚಿನ ಚರಿತ್ರೆಯಲ್ಲಿ ನಿದರ್ಶನಗಳು ಹಲವಿವೆ. ಒಂದು ಕಾಲದಲ್ಲಿ ಭಾರತದ ಯುವಕರು ಮುಗಿಬಿದ್ದಿದ್ದ ಆರ್ಕುಟ್ 2014ರಲ್ಲಿ ಮುಚ್ಚಿಹೋಯಿತು. ಗೂಗಲ್ ಪ್ಲಸ್ 2019ರಲ್ಲಿ ಸಾರ್ವಜನಿಕರ ಪಾಲಿಗೆ ಇಲ್ಲವಾಯಿತು. 2020ರ ಜೂನ್ 29ರಂದು ಕೇಂದ್ರ ಸರಕಾರವು ಟಿಕ್‌ಟಾಕ್ ಸೇರಿ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿದಾಗ, ಅದೊಂದನ್ನೇ ನಂಬಿ ಅಭಿಮಾನಿಗಳನ್ನು ಗಳಿಸಿದ್ದವರ ವರ್ಷಗಳ ದುಡಿಮೆ ಬೆಳಗಾಗುವಷ್ಟರಲ್ಲಿ ಕರಗಿತು.

2021ರ ಅಕ್ಟೋಬರ್ 4ರ ಪ್ರಸಂಗ ಇನ್ನೂ ಬೋಧಪ್ರದವಾದುದು. ಅಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮತ್ತು ವಾಟ್ಸ್‌ಆ್ಯಪ್ ಮೂರೂ ಸುಮಾರು ಆರು ಗಂಟೆಗಳ ಕಾಲ ಏಕಕಾಲಕ್ಕೆ ಸ್ತಬ್ಧವಾದವು. ನವರಾತ್ರಿಗೆ ಇನ್ನು ಮೂರೇ ದಿನ ಉಳಿದಿದ್ದ ಆ ರಾತ್ರಿ ಈ ಮೂರರ ಮೂಲಕ ಬರಬೇಕಾಗಿದ್ದ ಬೇಡಿಕೆಗಳು ಬರಲಿಲ್ಲ. ಬಂದಿದ್ದ ಬೇಡಿಕೆಗಳಿಗೆ ಉತ್ತರ ಕೊಡುವ ಮಾರ್ಗವೂ ಇರಲಿಲ್ಲ. ಮೂರೂ ಒಂದೇ ಒಡೆತನಕ್ಕೆ ಸೇರಿದವು. ಇನ್‌ಸ್ಟಾಗ್ರಾಂ 2012ರಲ್ಲಿಯೂ ವಾಟ್ಸ್‌ಆ್ಯಪ್ 2014ರಲ್ಲಿಯೂ ಫೇಸ್‌ಬುಕ್ ಕಂಪೆನಿಯ ವಶವಾದವು. ಆ ಕಂಪೆನಿಯೇ 2021ರ ಅಕ್ಟೋಬರ್ ಕೊನೆಯಲ್ಲಿ ಮೆಟಾ ಎಂದು ಹೆಸರು ಬದಲಿಸಿಕೊಂಡಿತು. ಮೂರು ಖಾತೆಗಳಿವೆಯೆಂದು ಧೈರ್ಯದಿಂದಿದ್ದವರಿಗೆ, ಮೂರೂ ಒಂದೇ ಮನೆಯ ಮೂರು ಬಾಗಿಲುಗಳೆಂಬುದು ಅಂದು ಅರಿವಾಗಿರಬೇಕು.

ಇದರಿಂದ ಹೊರಡುವ ತಾತ್ಪರ್ಯವಿಷ್ಟು: ಖಾತೆಗಳು ಹಲವಿರಲಿ, ಆದರೆ ಅವು ಬೇರೆ ಬೇರೆ ಒಡೆತನದವಾಗಿರಲಿ. ಮತ್ತೂ ಮುಖ್ಯವಾಗಿ, ಗಿರಾಕಿಗಳ ಹೆಸರು, ದೂರವಾಣಿ ಸಂಖ್ಯೆ, ಅವರ ರುಚಿ ಅಭಿರುಚಿಗಳನ್ನು ಬರೆದಿಡುವ ಒಂದು ಪುಸ್ತಕ ವ್ಯಾಪಾರಿಯ ಕೈಯಲ್ಲೇ ಇರಲಿ. ಯಾವ ಜಾಲತಾಣ ಮುಳುಗಿದರೂ ಆ ಪುಸ್ತಕ ತೇಲುತ್ತಿರುತ್ತದೆ. ಆದರೆ ಅಂಥ ವಿವರಗಳನ್ನು ಗಿರಾಕಿಯ ಒಪ್ಪಿಗೆ ಪಡೆದೇ ಬರೆದುಕೊಳ್ಳಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲತತ್ತ್ವವೂ ಈ ಒಪ್ಪಿಗೆಯೇ.

ಹತ್ತು ಕಟ್ಟುವ ಕಡೆ ಒಂದು ಮುತ್ತು

ಹಾಗೆಂದು ಕಂಡ ಕಂಡ ಜಾಲತಾಣಗಳಲ್ಲೆಲ್ಲ ಖಾತೆ ತೆರೆಯುವುದು ವಿವೇಕವಲ್ಲ. ಖಾತೆ ತೆರೆಯಲು ಹಣ ಬೇಕಿಲ್ಲವೆಂಬ ಕಾರಣಕ್ಕೆ ಅದು ಉಚಿತವೆಂದು ಭಾವಿಸುವುದು ದೊಡ್ಡ ಭ್ರಮೆ. ಅದಕ್ಕೆ ತೆರಬೇಕಾದ ಬೆಲೆ ವೇಳೆಯ ರೂಪದಲ್ಲಿದೆ. ಐದು ಖಾತೆಗಳಿಗೆ ದಿನಕ್ಕೆ ತಲಾ ಅರ್ಧ ಗಂಟೆಯಂತೆ ವ್ಯಯಿಸಿದರೆ ದಿನಕ್ಕೆ ಎರಡೂವರೆ ಗಂಟೆಯಾಯಿತು. ತಿಂಗಳಿಗೆ 75 ಗಂಟೆ. ಎಂಟು ಗಂಟೆಯ ಕೆಲಸದ ದಿನಗಳ ಲೆಕ್ಕದಲ್ಲಿ ಇದು ಒಂಬತ್ತು ದಿನಗಳಿಗೂ ಹೆಚ್ಚು. ಗಲ್ಲಾಪೆಟ್ಟಿಗೆಯ ಬಳಿ ಕುಳಿತು ಗಿರಾಕಿಯ ಮುಖ ನೋಡಿ ಮಾತನಾಡಬೇಕಾದ ಮಾಲೀಕನು ತಿಂಗಳಿಗೆ ಒಂಬತ್ತು ದಿನ ಫೋನಿನ ಮುಖ ನೋಡುತ್ತ ಕುಳಿತರೆ ಅಂಗಡಿಯ ಗತಿಯೇನು?

'ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು' ಎಂಬ ಗಾದೆ ಇಲ್ಲಿಗೆ ಸರಿಹೊಂದುತ್ತದೆ. ತಿಂಗಳುಗಟ್ಟಲೆ ಹೊಸ ಸುದ್ದಿಯಿಲ್ಲದೆ ಪಾಳುಬಿದ್ದ ಪುಟವು ಖಾತೆಯೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಕಳೆದ ವರ್ಷದ ದೀಪಾವಳಿಯ ಶುಭಾಶಯವೇ ಕೊನೆಯ ಸುದ್ದಿಯಾಗಿರುವ ಪುಟವನ್ನು ಕಂಡ ಗಿರಾಕಿ, ಅಂಗಡಿಯೇ ಮುಚ್ಚಿರಬೇಕೆಂದು ಊಹಿಸುತ್ತಾನೆ. ಸಾಮಾನ್ಯ ಅಂಗಡಿಗೆ ಗೂಗಲ್ ನಕ್ಷೆಯ ನಮೂದು, ವಾಟ್ಸ್‌ಆ್ಯಪ್ ಬಿಸಿನೆಸ್, ಜೊತೆಗೆ ಫೇಸ್‌ಬುಕ್ ಇಲ್ಲವೇ ಇನ್‌ಸ್ಟಾಗ್ರಾಂ ಇವೆರಡರಲ್ಲಿ ಒಂದು, ಹೀಗೆ ಮೂರು ಖಾತೆಗಳು ಸಾಕು. ಇವು ಹಿಡಿತಕ್ಕೆ ಬಂದ ಮೇಲೆ ನಾಲ್ಕನೆಯದನ್ನು ಯೋಚಿಸಬಹುದು. ವಾರಕ್ಕೊಮ್ಮೆ ಎರಡು ಗಂಟೆ ಕುಳಿತು ಆ ವಾರದ ಚಿತ್ರಗಳನ್ನೂ ಬರಹವನ್ನೂ ಸಿದ್ಧಪಡಿಸಿಟ್ಟುಕೊಂಡರೆ ಪ್ರತಿದಿನದ ಧಾವಂತ ತಪ್ಪುತ್ತದೆ. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಎರಡಕ್ಕೂ ಒಂದೇ ಕಡೆಯಿಂದ, ಮುಂಚಿತವಾಗಿ ದಿನ ಮತ್ತು ವೇಳೆಯನ್ನು ಗೊತ್ತುಪಡಿಸಿ, ಸುದ್ದಿ ಹಾಕುವ ವ್ಯವಸ್ಥೆಯನ್ನು ಆ ಕಂಪೆನಿಯೇ ಒದಗಿಸಿದೆ.

ಭಾಷೆಯ ವಿಷಯದಲ್ಲಿಯೂ ವಿವೇಚನೆ ಬೇಕು. ಮಹಾರಾಷ್ಟ್ರದಲ್ಲಿ ಅಂಗಡಿಗಳ ನಾಮಫಲಕಗಳು ದೇವನಾಗರಿ ಲಿಪಿಯ ಮರಾಠಿಯಲ್ಲಿರಬೇಕೆಂಬ ನಿಯಮ 2022ರಲ್ಲಿ ಬಿಗಿಗೊಂಡಿತು. ನಾಮಫಲಕಕ್ಕೆ ಕಾನೂನು ಹೇಳುವುದನ್ನು ಜಾಲತಾಣದ ಪುಟಕ್ಕೆ ವ್ಯಾಪಾರದ ವಿವೇಕವೇ ಹೇಳುತ್ತದೆ. ಮುಂಬಯಿಯಲ್ಲಿ ಮರಾಠಿ, ಚೆನ್ನೈಯಲ್ಲಿ ತಮಿಳು, ಹೈದರಾಬಾದಿನಲ್ಲಿ ತೆಲುಗು, ದೆಹಲಿಯಲ್ಲಿ ಹಿಂದಿ ಇವು ಸಾರ್ವಜನಿಕ ಪುಟದಲ್ಲಿ ಮೊದಲಿರಲಿ. ಕನ್ನಡವೂ ಅದರ ಪಕ್ಕದಲ್ಲಿರಲಿ. ಸಂಘದ ಸದಸ್ಯರ ಗುಂಪಿನಲ್ಲಿ ಕನ್ನಡವೇ ಇರಲಿ. 'ಯುಗಾದಿಗೆ ಒಬ್ಬಟ್ಟು ಸಿದ್ಧ' ಎಂಬ ಮೂರು ಪದಗಳು ಹೊರನಾಡ ಕನ್ನಡಿಗನ ಹೃದಯವನ್ನು ಮುಟ್ಟುವಷ್ಟು ಬೇರಾವ ಜಾಹೀರಾತೂ ಮುಟ್ಟಲಾರದು. ಆದರೆ ಭಾಷೆಗೊಂದು ಖಾತೆ ತೆರೆಯುವ ಅವಶ್ಯಕತೆಯಿಲ್ಲ.

ಸುಳ್ಳು ಖಾತೆಗಳ ಮೋಹ

'ಹಲವು ಖಾತೆ' ಎಂಬ ಮಾತಿಗೆ ಇನ್ನೊಂದು ಕರಾಳ ಅರ್ಥವೂ ಇದೆ. ಒಂದೇ ಜಾಲತಾಣದಲ್ಲಿ ಕಲ್ಪಿತ ಹೆಸರುಗಳಿಂದ ಹತ್ತಾರು ಖಾತೆಗಳನ್ನು ತೆರೆದು, ತನ್ನ ಅಂಗಡಿಯನ್ನು ತಾನೇ ಹೊಗಳಿಕೊಳ್ಳುವುದು, ಎದುರು ಬೀದಿಯ ಅಂಗಡಿಯನ್ನು ತೆಗಳುವುದು ಈಚೆಗೆ ಒಂದು ದಂಧೆಯೇ ಆಗಿದೆ. ಇಷ್ಟು ಹಣಕ್ಕೆ ಇಷ್ಟು ಸಾವಿರ ಹಿಂಬಾಲಕರು, ಇಷ್ಟು ನೂರು ಐದು ನಕ್ಷತ್ರದ ಪ್ರಶಂಸೆಗಳು ಎಂದು ದರಪಟ್ಟಿ ಹಿಡಿದು ಬರುವ ಮಧ್ಯವರ್ತಿಗಳಿಗೆ ಸಣ್ಣ ವ್ಯಾಪಾರಿ ತನ್ನ ಉಳಿತಾಯವನ್ನು ತೆತ್ತು ಕೈಸುಟ್ಟುಕೊಳ್ಳುವುದುಂಟು.

ಇದು ಮೂರು ಕಾರಣಗಳಿಂದ ತ್ಯಾಜ್ಯ. ಮೊದಲನೆಯದು ನಿಯಮದ ಕಾರಣ. ಫೇಸ್‌ಬುಕ್‌ನ ನಿಯಮದಂತೆ ಒಬ್ಬ ವ್ಯಕ್ತಿಗೆ ಒಂದೇ ವೈಯಕ್ತಿಕ ಖಾತೆ; ವ್ಯಾಪಾರದ ಪುಟಗಳು ಅದರ ಅಡಿಯಲ್ಲಿ ಬರತಕ್ಕವು. ಗೂಗಲ್ ನಕ್ಷೆಯಲ್ಲಿ ಒಂದು ಸ್ಥಳದ ಒಂದು ವ್ಯಾಪಾರಕ್ಕೆ ಒಂದೇ ನಮೂದು. ಸುಳ್ಳು ಪ್ರಶಂಸೆಗಳನ್ನು ಈ ಕಂಪೆನಿಗಳು ನಿಷೇಧಿಸಿವೆ. ಪತ್ತೆಯಾದರೆ ಸುಳ್ಳು ಖಾತೆಯೊಡನೆ ನಿಜವಾದ ಖಾತೆಯೂ ರದ್ದಾಗುವ ಅಪಾಯವಿದೆ. ಎರಡನೆಯದು ಕಾನೂನಿನ ಕಾರಣ. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ತಯಾರಕನಿಗೆ ಅಥವಾ ಜಾಹೀರಾತಿನಲ್ಲಿ ಅದನ್ನು ಅನುಮೋದಿಸುವವನಿಗೆ 10 ಲಕ್ಷ ರೂಪಾಯಿಗಳವರೆಗೆ, ಮರುಕಳಿಸಿದರೆ 50 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಗ್ರಾಹಕರ ಅಭಿಪ್ರಾಯಗಳ ಸಂಗ್ರಹ ಮತ್ತು ಪ್ರಕಟಣೆ ಹೇಗಿರಬೇಕೆಂಬ ಬಗ್ಗೆ ಭಾರತೀಯ ಮಾನಕ ಸಂಸ್ಥೆಯು 2022ರಲ್ಲಿ ಒಂದು ಮಾನಕವನ್ನೂ ಹೊರತಂದಿದೆ.

ಮೂರನೆಯದು ಎಲ್ಲಕ್ಕಿಂತ ಹಿರಿದಾದ ಕಾರಣ: ಹೆಸರು. ಹೊರನಾಡಿನಲ್ಲಿ ಕನ್ನಡಿಗರ ಹೋಟೆಲುಗಳು ಗಳಿಸಿದ ಕೀರ್ತಿ ಶುಚಿ, ರುಚಿ ಮತ್ತು ಪ್ರಾಮಾಣಿಕತೆಯಿಂದ ಬಂದುದು. 1942ರಿಂದ ಮಾಟುಂಗದಲ್ಲಿ ಬಾಳೆಲೆಯ ಊಟ ಬಡಿಸುತ್ತ ಬಂದ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂಥ ಸಂಸ್ಥೆಗಳಿಗೆ ಹೆಸರು ಬಂದುದು ಕಲ್ಪಿತ ಖಾತೆಗಳಿಂದಲ್ಲ, ಪಂಕ್ತಿಯಲ್ಲಿ ಕುಳಿತು ಉಂಡೆದ್ದ ಜನರ ಬಾಯಿಂದ. ಮುತ್ತು ಒಡೆದರೆ ಕೂಡದು. ಹೆಸರು ಕೆಟ್ಟರೂ ಹಾಗೆಯೇ. ನಿಜವಾದ ಇಪ್ಪತ್ತು ಅಭಿಪ್ರಾಯಗಳು, ಅವುಗಳಲ್ಲಿ ಎರಡು ದೂರುಗಳು, ಆ ದೂರುಗಳಿಗೆ ಮಾಲೀಕನ ವಿನಯಪೂರ್ವಕ ಉತ್ತರ ಇವು ಇನ್ನೂರು ಹುಸಿ ಹೊಗಳಿಕೆಗಳಿಗಿಂತ ಹೆಚ್ಚು ವಿಶ್ವಾಸವನ್ನು ಹುಟ್ಟಿಸುತ್ತವೆ. ಊಟ ಮುಗಿಸಿ ಹೊರಡುವ ಗಿರಾಕಿಯನ್ನು 'ನಿಮ್ಮ ಅಭಿಪ್ರಾಯ ಬರೆಯಿರಿ' ಎಂದು ಕೇಳಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಅಭಿಪ್ರಾಯಕ್ಕೆ ಬೆಲೆ ಕಟ್ಟುವುದು ತಪ್ಪು.

ಲೆಕ್ಕವಿಲ್ಲದ ಪ್ರಚಾರ

ಜಾಲತಾಣಗಳಲ್ಲಿ ಹಣ ತೆತ್ತು ಜಾಹೀರಾತು ಹಾಕುವ ಮುನ್ನ ಲಾಭ ನಷ್ಟದ ಲೆಕ್ಕ ಹಾಕುವವರು ವಿರಳ. ಒಂದು ಉದಾಹರಣೆಯಿಂದ ಇದನ್ನು ತಿಳಿಯಬಹುದು. ಠಾಣೆಯಲ್ಲಿ ಮನೆಯಿಂದಲೇ ಹೋಳಿಗೆ, ಚಕ್ಕುಲಿ, ಕೋಡುಬಳೆ ಮಾಡಿ ಮಾರುವ ಒಬ್ಬ ಗೃಹಿಣಿ ದೀಪಾವಳಿಗೆ ಮುಂಚೆ 3,000 ರೂಪಾಯಿಗಳ ಜಾಹೀರಾತು ನೀಡಿದರೆಂದು ಇಟ್ಟುಕೊಳ್ಳೋಣ. 40 ಮಂದಿ ವಿಚಾರಿಸಿದರು. 12 ಮಂದಿ ತಲಾ 500 ರೂಪಾಯಿಗಳಷ್ಟು ಕೊಂಡರು. ಮಾರಾಟ 6,000 ರೂಪಾಯಿ. 3,000 ಹಾಕಿ 6,000 ಬಂತೆಂದು ಮೇಲ್ನೋಟಕ್ಕೆ ಸಂತೋಷವಾಗುವುದು ಸಹಜ. ಆದರೆ ಬೇಳೆ, ಬೆಲ್ಲ, ಎಣ್ಣೆ, ಅನಿಲ ಮತ್ತು ಕೂಲಿಯ ವೆಚ್ಚ ಕಳೆದು ನೂರಕ್ಕೆ 40ರಂತೆ ಉಳಿಯುವುದಾದರೆ, ಉಳಿದದ್ದು 2,400 ರೂಪಾಯಿ ಮಾತ್ರ. ಜಾಹೀರಾತಿನ ವೆಚ್ಚವನ್ನು ಕಳೆದರೆ 600 ರೂಪಾಯಿ ನಷ್ಟ.

ಇಷ್ಟಕ್ಕೇ ಜಾಹೀರಾತು ವ್ಯರ್ಥವೆಂದು ನಿರ್ಧರಿಸಬೇಕಾಗಿಲ್ಲ. ಆ 12 ಮಂದಿಯಲ್ಲಿ ಐವರು ಸಂಕ್ರಾಂತಿಗೆ ಮತ್ತೆ ಬಂದು ಅಷ್ಟೇ ಕೊಂಡರೆ, ಹೊಸ ಜಾಹೀರಾತಿಲ್ಲದೆಯೇ 1,000 ರೂಪಾಯಿ ಉಳಿಯುತ್ತದೆ. ಹಿಂದಿನ ನಷ್ಟ ತೀರಿ 400 ರೂಪಾಯಿ ಲಾಭವೂ ಕಾಣುತ್ತದೆ. ಅಂದರೆ ಜಾಹೀರಾತಿನ ಫಲವು ಮೊದಲ ಮಾರಾಟಕ್ಕಿಂತ ಮಿಗಿಲಾಗಿ ಮರಳಿ ಬರುವ ಗಿರಾಕಿಯಲ್ಲಿದೆ. ಎಷ್ಟು ಮಂದಿ ಚಿತ್ರವನ್ನು ಮೆಚ್ಚಿದರು ಎಂಬುದನ್ನು ಎಣಿಸುವ ಬದಲು ಎಷ್ಟು ಮಂದಿ ಮರಳಿ ಬಂದರು ಎಂಬುದನ್ನು ಎಣಿಸತಕ್ಕದ್ದು. ಪ್ರತಿ ಹೊಸ ಗಿರಾಕಿಯನ್ನೂ 'ನಮ್ಮ ವಿಷಯ ಎಲ್ಲಿ ತಿಳಿಯಿತು?' ಎಂದು ಕೇಳಿ ಬರೆದಿಟ್ಟುಕೊಂಡರೆ, ಆರು ತಿಂಗಳಲ್ಲಿ ಯಾವ ಖಾತೆ ದುಡಿಯುತ್ತಿದೆ, ಯಾವುದು ಮಲಗಿದೆ ಎಂಬುದು ಸ್ಪಷ್ಟವಾಗುತ್ತದೆ.

ಬರುವ ಹಣವನ್ನು ಮನೆಯ ಉಳಿತಾಯ ಖಾತೆಯಲ್ಲಿ ಬೆರೆಸದೆ ವ್ಯಾಪಾರಕ್ಕೆ ಪ್ರತ್ಯೇಕ ಚಾಲ್ತಿ ಖಾತೆ ತೆರೆಯುವುದು ಲೇಸು. 2016ರಲ್ಲಿ ಆರಂಭವಾದ ಯುಪಿಐ ಪದ್ಧತಿಯಿಂದಾಗಿ ಇಂದು ಪ್ರತಿಯೊಂದು ರೂಪಾಯಿಗೂ ದಾಖಲೆಯಿದೆ. 2025ರ ಜುಲೈಯಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ವಹಿವಾಟಿನ ಆಧಾರದ ಮೇಲೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟೀಸುಗಳನ್ನು ಕಳುಹಿಸಿದಾಗ ಉಂಟಾದ ಕಳವಳವನ್ನು ವಾಚಕರು ಬಲ್ಲರು. ಆ ರಾಜ್ಯದಲ್ಲಿ ವಾರ್ಷಿಕ ವಹಿವಾಟು ಸರಕಿನಲ್ಲಿ 40 ಲಕ್ಷ, ಸೇವೆಯಲ್ಲಿ 20 ಲಕ್ಷ ರೂಪಾಯಿ ಮೀರಿದರೆ ನೋಂದಣಿ ಅವಶ್ಯವೆಂಬುದು ಆಗಿನ ನಿಯಮ. ಈ ಮಿತಿ ಎಲ್ಲ ರಾಜ್ಯಗಳಲ್ಲಿಯೂ ಒಂದೇ ಅಲ್ಲ. ಸ್ವಂತದ ಹಣವೂ ವ್ಯಾಪಾರದ ಹಣವೂ ಒಂದೇ ಖಾತೆಯಲ್ಲಿ ಬೆರೆತಿದ್ದರೆ ಇದು ಮಾರಾಟದ ಹಣ, ಇದು ಮಗನು ಕಳುಹಿಸಿದ ಹಣ ಎಂದು ಬಿಡಿಸಿ ತೋರಿಸುವುದು ಕಷ್ಟವಾಗುತ್ತದೆ.

ಬೀಗದ ಕೈ ಯಾರ ಬಳಿ?

ಅಂಗಡಿಯ ಬೀಗದ ಕೈಯನ್ನು ಅಪರಿಚಿತರಿಗೆ ಕೊಡದ ವ್ಯಾಪಾರಿ, ಜಾಲತಾಣದ ಖಾತೆಗಳ ಗುಪ್ತಪದವನ್ನು ಸಲೀಸಾಗಿ ಕೊಟ್ಟುಬಿಡುತ್ತಾನೆ. ಅಣ್ಣನ ಮಗನೋ ಪಕ್ಕದ ಮನೆಯ ವಿದ್ಯಾರ್ಥಿಯೋ ತನ್ನದೇ ಫೋನ್ ಸಂಖ್ಯೆಯಿಂದ ಅಂಗಡಿಯ ಪುಟವನ್ನು ತೆರೆದುಕೊಡುತ್ತಾನೆ. ಅವನು ನೌಕರಿ ಹಿಡಿದು ಬೇರೆ ಊರಿಗೆ ಹೋದಾಗ ಪುಟವೂ ಅವನೊಡನೆ ಹೊರಟುಹೋಗುತ್ತದೆ. ಆದುದರಿಂದ ಖಾತೆಗಳೆಲ್ಲವೂ ಅಂಗಡಿಯ ಸ್ವಂತ ಸಂಖ್ಯೆ ಮತ್ತು ಮಿಂಚಂಚೆಯ ವಿಳಾಸದಲ್ಲಿಯೇ ಇರಬೇಕು. ಸಹಾಯಕರಿಗೆ ಕೆಲಸ ಮಾಡುವ ಅಧಿಕಾರವನ್ನಷ್ಟೇ ಕೊಡಬೇಕು. ಎರಡು ಹಂತದ ಪರಿಶೀಲನೆ ಎಂಬ ರಕ್ಷಣೆಯನ್ನು ಪ್ರತಿಯೊಂದು ಖಾತೆಗೂ ಅಳವಡಿಸಿಕೊಳ್ಳಬೇಕು. ವಾಟ್ಸ್‌ಆ್ಯಪ್ ಕಳುಹಿಸುವ ಆರು ಅಂಕಿಗಳ ಸಂಕೇತವನ್ನು ಯಾರು ಕೇಳಿದರೂ ಹೇಳಕೂಡದು.

ದೊಡ್ಡ ಬೇಡಿಕೆ ಸಲ್ಲಿಸುವವರಂತೆ ನಟಿಸಿ, 'ಮುಂಗಡ ಹಣ ಕಳುಹಿಸುತ್ತೇವೆ, ಈ ಚೌಕಾಕೃತಿಯ ಸಂಕೇತವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ' ಎನ್ನುವ ವಂಚಕರು ಸಣ್ಣ ವ್ಯಾಪಾರಿಗಳನ್ನೇ ಗುರಿಯಾಗಿಸುತ್ತಾರೆ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಒತ್ತುವ ಅವಶ್ಯಕತೆಯೇ ಇಲ್ಲ. ಪಿನ್ ಒತ್ತುವುದು ಹಣ ಕೊಡುವುದಕ್ಕೆ ಮಾತ್ರ. ಈ ಒಂದು ವಾಕ್ಯವನ್ನು ದೊಡ್ಡಕ್ಷರಗಳಲ್ಲಿ ಬರೆದು ಗಲ್ಲಾಪೆಟ್ಟಿಗೆಯ ಬಳಿ ಅಂಟಿಸಿಟ್ಟರೆ ಒಳಿತು. ವಂಚನೆಗೊಳಗಾದವರು ಸಂಕೋಚಪಡದೆ ತತ್‌ಕ್ಷಣ 1930 ಎಂಬ ಸಹಾಯವಾಣಿಗೆ ಕರೆ ಮಾಡಬೇಕು ಮತ್ತು ತಮ್ಮ ಬ್ಯಾಂಕಿಗೆ ತಿಳಿಸಬೇಕು. ಹಣ ವಂಚಕನ ಕೈಸೇರುವ ಮುನ್ನ ತಡೆಹಿಡಿಯುವ ಅವಕಾಶವು ನಿಮಿಷ ನಿಮಿಷಕ್ಕೂ ಕ್ಷೀಣಿಸುತ್ತ ಹೋಗುತ್ತದೆ.

ಪ್ರಚಾರವೂ ಆರೋಗ್ಯವೂ

ಆರೋಗ್ಯಕ್ಕೆ ಸಂಬಂಧಿಸಿದ ಎರಡು ಮಾತುಗಳನ್ನು ಇಲ್ಲಿ ಹೇಳಲೇಬೇಕಾಗಿದೆ. ಮೊದಲನೆಯದು ಗಿರಾಕಿಯ ಆರೋಗ್ಯದ ಬಗ್ಗೆ. 'ಈ ಕಷಾಯದಿಂದ ಸಕ್ಕರೆ ಕಾಯಿಲೆ ಗುಣವಾಗುತ್ತದೆ', 'ಈ ಪುಡಿ ಸೇವಿಸಿದರೆ ಔಷಧ ಬೇಡ' ಎಂಬಂಥ ಘೋಷಣೆಗಳು ಜಾಲತಾಣಗಳಲ್ಲಿ ಧಾರಾಳವಾಗಿ ಹರಿದಾಡುತ್ತಿವೆ. 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯು ಮಧುಮೇಹವೂ ಸೇರಿದಂತೆ ಹಲವು ರೋಗಗಳನ್ನು ಗುಣಪಡಿಸುವುದಾಗಿ ಜಾಹೀರಾತು ನೀಡುವುದನ್ನು ನಿಷೇಧಿಸಿದೆ. 2006ರ ಆಹಾರ ಸುರಕ್ಷತಾ ಕಾಯ್ದೆಯೂ ಆಹಾರದ ಬಗ್ಗೆ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೆ ದಂಡವನ್ನು ಗೊತ್ತುಪಡಿಸಿದೆ. ದಂಡದ ಭಯಕ್ಕಿಂತ ಮಿಗಿಲಾದುದು ಇನ್ನೊಂದಿದೆ. ಅಂಥ ಮಾತನ್ನು ನಂಬಿದ ವೃದ್ಧರೊಬ್ಬರು ವೈದ್ಯರು ಕೊಟ್ಟ ಮಾತ್ರೆಯನ್ನು ನಿಲ್ಲಿಸಿದರೆ ಆಗುವ ಅನಾಹುತಕ್ಕೆ ಯಾವ ಪರಿಹಾರವೂ ಇಲ್ಲ. ರಾಗಿ ಹುರಿಹಿಟ್ಟು ರುಚಿಕರ, ಪೌಷ್ಟಿಕ ಎಂದಷ್ಟೇ ಹೇಳಿದರೆ ಸಾಕು. ಅದು ಸತ್ಯವೂ ಹೌದು. ಮನೆಯಲ್ಲಿ ತಯಾರಿಸಿ ಮಾರುವವರೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಪಡೆಯತಕ್ಕದ್ದು. ಆ 14 ಅಂಕಿಗಳ ಸಂಖ್ಯೆಯನ್ನು ಪುಟದಲ್ಲಿ ಪ್ರಕಟಿಸಿದರೆ ಅದಕ್ಕಿಂತ ದೊಡ್ಡ ಪ್ರಚಾರ ಬೇರಿಲ್ಲ.

ಎರಡನೆಯದು ವ್ಯಾಪಾರಿಯ ಆರೋಗ್ಯದ ಬಗ್ಗೆ. ಅಂಗಡಿಗೆ ಬಾಗಿಲಿದೆ, ರಾತ್ರಿ ಅದನ್ನು ಎಳೆದು ಬೀಗ ಹಾಕಬಹುದು. ಜಾಲತಾಣಕ್ಕೆ ಬಾಗಿಲಿಲ್ಲ. ರಾತ್ರಿ ಹನ್ನೊಂದಕ್ಕೆ ಒಬ್ಬ ಬೆಲೆ ಕೇಳುತ್ತಾನೆ, ಹನ್ನೆರಡಕ್ಕೆ ಇನ್ನೊಬ್ಬ ದೂರುತ್ತಾನೆ. ಉತ್ತರ ಕೊಡುವ ಆತುರದಲ್ಲಿ ನಿದ್ರೆ ಹಾಳು. ವಯಸ್ಕರಿಗೆ ರಾತ್ರಿ ಕನಿಷ್ಠ ಏಳು ಗಂಟೆಗಳ ನಿದ್ರೆ ಬೇಕೆಂಬುದು ವೈದ್ಯರ ಅಭಿಮತ. ಕೆಲಸದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಉಂಟಾಗುವ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ತನ್ನ ರೋಗಗಳ ವರ್ಗೀಕರಣದಲ್ಲಿ, ರೋಗವೆಂದಲ್ಲದಿದ್ದರೂ ವೃತ್ತಿಸಂಬಂಧಿ ವಿದ್ಯಮಾನವೆಂದು, ಸೇರಿಸಿದೆ. ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ 'ಅಂಗಡಿ ಮುಚ್ಚಿದೆ, ಬೆಳಿಗ್ಗೆ ಉತ್ತರಿಸುತ್ತೇವೆ' ಎಂಬ ಸಂದೇಶ ತಾನಾಗಿಯೇ ಹೋಗುವಂತೆ ಮಾಡುವ ಸೌಲಭ್ಯವಿದೆ, ಅದನ್ನು ಉಪಯೋಗಿಸಬೇಕು. ಪರದೆಯನ್ನು ನೋಡುವಾಗ 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು 20 ಸೆಕೆಂಡುಗಳ ಕಾಲ ನೋಡಿದರೆ ಕಣ್ಣಿಗೆ ವಿಶ್ರಾಂತಿ. ಫೋನನ್ನು ಮಡಿಲಲ್ಲಿಟ್ಟು ತಲೆ ಬಾಗಿಸುವುದರ ಬದಲು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರೆ ಕುತ್ತಿಗೆಗೂ ಹಿತ.

ಸಂಘಗಳ ಕರ್ತವ್ಯ

ಈ ವಿದ್ಯೆಯನ್ನು ಪ್ರತಿಯೊಬ್ಬ ವ್ಯಾಪಾರಿಯೂ ಒಂಟಿಯಾಗಿ ತಡಕಾಡಿ ಕಲಿಯಬೇಕಾಗಿಲ್ಲ. ಹೊರನಾಡಿನ ಕನ್ನಡ ಸಂಘಗಳಲ್ಲಿ ಇದನ್ನು ಕರತಲಾಮಲಕ ಮಾಡಿಕೊಂಡ ತರುಣ ತರುಣಿಯರಿದ್ದಾರೆ; ದುಡಿದು ಅನುಭವಸ್ಥರಾದ ಹಿರಿಯ ವ್ಯಾಪಾರಿಗಳೂ ಇದ್ದಾರೆ. ತಿಂಗಳಿಗೊಂದು ಭಾನುವಾರ ಇವರಿಬ್ಬರನ್ನೂ ಒಂದೆಡೆ ಸೇರಿಸಿದರೆ, ತರುಣರಿಂದ ಹಿರಿಯರು ಖಾತೆಯ ಬಳಕೆಯನ್ನೂ, ಹಿರಿಯರಿಂದ ತರುಣರು ಗಿರಾಕಿಯನ್ನು ಅರಿಯುವ ಕಲೆಯನ್ನೂ ಕಲಿಯಬಹುದು. ಸದಸ್ಯರ ಅಂಗಡಿಗಳ ಪಟ್ಟಿಯೊಂದನ್ನು ಸಂಘದ ಪುಟದಲ್ಲಿ ಪ್ರಕಟಿಸುವುದು ಕಷ್ಟದ ಕೆಲಸವೇನೂ ಅಲ್ಲ.

ಜಾಲತಾಣಗಳು ಬರುತ್ತವೆ, ಹೋಗುತ್ತವೆ, ಹೆಸರು ಬದಲಿಸಿಕೊಳ್ಳುತ್ತವೆ. ಪ್ರಚಾರದಿಂದ ಗಿರಾಕಿ ಒಮ್ಮೆ ಬರುತ್ತಾನೆ. ಎರಡನೆಯ ಬಾರಿ ಅವನನ್ನು ಕರೆತರುವುದು ಸರಕಿನ ಗುಣ, ತೂಕದ ನ್ಯಾಯ ಮತ್ತು ಮಾಲೀಕನ ನಗುಮುಖ. ಈ ಮೂರೂ ಇದ್ದಲ್ಲಿ ಎರಡು ಮೂರು ಖಾತೆಗಳಿಂದಲೇ ಕೆಲಸ ಸಾಗುತ್ತದೆ. ಈ ಮೂರೂ ಇಲ್ಲದಲ್ಲಿ ಮೂವತ್ತು ಖಾತೆಗಳು ಮಾಡುವುದಿಷ್ಟೆ: ಅಂಗಡಿಯ ಕೊರತೆಯನ್ನು ಮೂವತ್ತು ಕಡೆಗಳಲ್ಲಿ ಸಾರುವುದು.